ದೊಡ್ಡಪ್ಪನ ಟ್ರಂಕಿನಲ್ಲಿ ಸಹಿ ಹಾಕಿದ ಯುದ್ಧಕಾಲದ ನೋಟುಗಳ ಸರ: ಐದು ಪಾಲು ಮಾಡಬೇಕೆ?

ಬಸವನಗುಡಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮದುವೆ ಮಾಡಿಕೊಳ್ಳಲಿಲ್ಲ. ಅವರು ಹೋಗಿ ವರ್ಷಗಳಾದವು. ಈಗ ಹಳೇ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಒಂದು ಸಿಗರೇಟು ಡಬ್ಬಿ ಸಿಕ್ಕಿತು. ಒಳಗೆ ತುದಿಗೆ ತುದಿ ಅಂಟಿಸಿ ಸುರುಳಿ ಸುತ್ತಿದ ಏಳು ನೋಟುಗಳು. ಎರಡೂ ಬದಿಗೆ ಬೇರೆ ಬೇರೆ ಕೈಬರಹದ ಸಹಿಗಳು, ಊರ ಹೆಸರುಗಳು, ಕೆಲವು ಕಡೆ ಸಂಖ್ಯೆಗಳು.

ಮೊದಲನೆಯದು ನೀಲಿ ಮುದ್ರೆಯ ಅಮೆರಿಕದ ಒಂದು ಡಾಲರ್. ಆಮೇಲೆ ಬ್ರೆಜಿಲ್ ದೇಶದ್ದೊಂದು. ತಾಳೆಮರದ ಚಿತ್ರವಿರುವ ಪಶ್ಚಿಮ ಆಫ್ರಿಕದ ಹತ್ತು ಶಿಲಿಂಗ್. ಆರನೇ ಜಾರ್ಜನ ಕಾಲದ ನಮ್ಮ ಒಂದು ರೂಪಾಯಿ. ನಿಲುವಾಗಿ ಅಚ್ಚು ಹಾಕಿದ ಚೀನೀ ನೋಟು, ಅದರ ಮೇಲೆ 1930 ಎಂದಿದೆ. ಕೊನೆಗೆ ‘ಜಪಾನೀಸ್ ಗವರ್ನಮೆಂಟ್’ ಎಂದು ಬರೆದ ರೂಪಾಯಿ ನೋಟುಗಳು, ಒಟ್ಟು ಎರಡು. ಅಂಟಿಸಿದ ಟೇಪು ಕಂದು ತಿರುಗಿದೆ.

ಅಣ್ಣತಮ್ಮಂದಿರ ಮಕ್ಕಳು ನಾವು ಐದು ಜನ. ಟೇಪು ಬಿಡಿಸಿ ಆಳಿಗೆ ಒಂದೊಂದು ಇಟ್ಟುಕೊಂಡು ಉಳಿದ ಎರಡನ್ನು ಮಾರೋಣ ಅಂತ ಒಬ್ಬ ತಮ್ಮನ ಸಲಹೆ. ನನಗೆ ಮನಸ್ಸು ಬರುತ್ತಿಲ್ಲ. ಆದರೆ ಯಾಕೆ ಬೇಡ ಅಂತ ಹೇಳುವುದಕ್ಕೂ ನನ್ನ ಹತ್ತಿರ ಕಾರಣವಿಲ್ಲ. ಇದೇನು, ತಿಳಿದವರು ಹೇಳಿ.

ಹಳೆನೋಟು

ಅಕ್ಕ, ಮೊದಲು ಒಂದು ಮಾತು: ಟೇಪು ಮುಟ್ಟಬೇಡಿ.

ಇದನ್ನು ‘ಶಾರ್ಟ್ ಸ್ನಾರ್ಟರ್’ ಅನ್ನುತ್ತಾರೆ. 1920ರ ದಶಕದಲ್ಲಿ ಅಲಾಸ್ಕದ ಪೈಲಟ್‌ಗಳಲ್ಲಿ ಹುಟ್ಟಿದ ಪದ್ಧತಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದೇ ವಿಮಾನದಲ್ಲಿ ಜೊತೆಯಾಗಿ ಹಾರಿದವರು ಒಬ್ಬರ ನೋಟಿನ ಮೇಲೆ ಒಬ್ಬರು ಸಹಿ ಹಾಕುವುದು. ಮುಂದೆ ಎಲ್ಲಾದರೂ ಭೇಟಿಯಾದಾಗ ‘ನಿನ್ನ ನೋಟು ತೋರಿಸು’ ಅಂದರೆ ತೋರಿಸಬೇಕು, ಇಲ್ಲದಿದ್ದರೆ ಅಲ್ಲಿದ್ದವರಿಗೆಲ್ಲ ಒಂದು ಡಾಲರೋ ಒಂದು ಗುಟುಕು ಮದ್ಯವೋ ದಂಡ. ಯುದ್ಧ ಬಂದ ಮೇಲೆ ಸಾಗರ ದಾಟಿ ಹಾರಿದ ಲಕ್ಷಾಂತರ ಜನರಿಗೆ ಇದು ಅಂಟಿಕೊಂಡಿತು. ನೋಟು ತುಂಬಿದರೆ ಇಳಿದ ಊರಿನ ನೋಟನ್ನು ಅದಕ್ಕೆ ಅಂಟಿಸಿ ಮುಂದುವರಿಸುತ್ತಿದ್ದರು. ರೂಸ್‌ವೆಲ್ಟ್ ಅವರ ಆಪ್ತ ಸಲಹೆಗಾರ ಹ್ಯಾರಿ ಹಾಪ್ಕಿನ್ಸ್ ಬಳಿಯಿದ್ದ ನೋಟಿನ ಮೇಲೆ 1943ರ ಕಾಸಾಬ್ಲಾಂಕಾ ಸಮ್ಮೇಳನದ ಕಾಲದ ರೂಸ್‌ವೆಲ್ಟ್, ಚರ್ಚಿಲ್ ಸಹಿಗಳಿವೆ.

ಈಗ ನಿಮ್ಮ ಸರವನ್ನು ನೀವೇ ಬರೆದ ಕ್ರಮದಲ್ಲಿ ಓದಿ. ಅಮೆರಿಕ, ಬ್ರೆಜಿಲ್, ಪಶ್ಚಿಮ ಆಫ್ರಿಕ, ಭಾರತ, ಚೀನ, ಬರ್ಮಾ (ಜಪಾನ್ ಸರ್ಕಾರದ ಆ ರೂಪಾಯಿಗಳು ಬರ್ಮಾಕ್ಕೆಂದು ಅಚ್ಚಾದವು). ಅಮೆರಿಕದಿಂದ ನಮ್ಮ ಕಡೆಗೆ ವಿಮಾನಗಳು ಬಂದ ದಾರಿಯೇ ಅದು! ಫ್ಲಾರಿಡಾದಿಂದ ಹೊರಟು ಬ್ರೆಜಿಲಿನ ನಟಾಲ್, ಅಲ್ಲಿಂದ ಅಟ್ಲಾಂಟಿಕ್ ನಡುವಿನ ಅಸೆನ್ಶನ್ ದ್ವೀಪ, ಆಮೇಲೆ ಅಕ್ರಾ, ಖಾರ್ಟೂಮ್, ಏಡನ್, ಕರಾಚಿ. ಅಕ್ರಾದಲ್ಲಿ ನಡೆಯುತ್ತಿದ್ದದ್ದು ಪಶ್ಚಿಮ ಆಫ್ರಿಕ ಕರೆನ್ಸಿ ಬೋರ್ಡಿನ ನೋಟು, ನಿಮ್ಮ ತಾಳೆಮರದ ನೋಟು ಅದೇ. ಇಲ್ಲಿಗೆ ಬಂದ ಮೇಲೆ ಅಸ್ಸಾಮಿನ ಚಬುವಾ, ದಿಂಜಾನ್ ನೆಲೆಗಳಿಂದ ಹಿಮಾಲಯದ ಪೂರ್ವದ ಕವಲುಗಳನ್ನು ದಾಟಿ ಚೀನದ ಕುನ್ಮಿಂಗ್‌ಗೆ. ಆ ಹಾದಿಯನ್ನೇ ‘ಹಂಪ್’ ಅನ್ನುತ್ತಿದ್ದರು. ಜಪಾನ್ ಬರ್ಮಾ ರಸ್ತೆಯನ್ನು ಕಡಿದ ಮೇಲೆ 1942ರ ಏಪ್ರಿಲ್‌ನಿಂದ ಯುದ್ಧ ಮುಗಿಯುವವರೆಗೆ ಸುಮಾರು 6,50,000 ಟನ್ ಸಾಮಾನು ಈ ದಾರಿಯಲ್ಲಿ ಹೋಯಿತು.

ಬಿಡಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಏಳು ಗೀಚಿದ ಹಳೇ ನೋಟು. ಹಾಗೇ ಇಟ್ಟರೆ ಒಬ್ಬ ಮನುಷ್ಯ ಅರ್ಧ ಭೂಮಿ ಸುತ್ತಿ ಬೆಂಗಳೂರಿಗೆ ಬಂದ ದಾಖಲೆ. ನಿಮ್ಮ ತಮ್ಮನಿಗೆ ಹೇಳುವುದಕ್ಕೆ ಇಷ್ಟು ಸಾಕು ಅಂದುಕೊಂಡಿದ್ದೇನೆ.

ನಾಣ್ಯಪೇಟೆ

ನಾನು ಈ ವ್ಯಾಪಾರದಲ್ಲೇ ಇರುವವನು, ಇದ್ದದ್ದನ್ನು ಹೇಳುತ್ತೇನೆ. ನೋಟಿನ ಮೇಲೆ ಬರಹವಿದ್ದರೆ ನೋಟಾಗಿ ಅದರ ದರ್ಜೆ ಇಳಿಯುತ್ತದೆ. ಜಪಾನ್ ಸರ್ಕಾರ ಬರ್ಮಾಕ್ಕೆಂದು ಅಚ್ಚು ಹಾಕಿದ ನೋಟುಗಳು ಕಂತೆಗಟ್ಟಲೆ ಉಳಿದಿವೆ. ಯುದ್ಧ ಮುಗಿದ ದಿನ ಅವು ಬರೀ ಕಾಗದವಾದವು, ಸೈನಿಕರು ನೆನಪಿಗೆಂದು ಹೊತ್ತುಕೊಂಡು ಹೋದರು. ನೀಲಿ ಮುದ್ರೆಯ ಡಾಲರ್, 1935 ಎ ಸರಣಿಯದಾದರೆ, ಅದೂ ಸಾಮಾನ್ಯವೇ. ಕಂದು ಮುದ್ರೆ ಇದ್ದು ‘ಹವಾಯಿ’ ಎಂದು ಅಡ್ಡಕ್ಕೆ ಒತ್ತಿದ್ದರೆ, ಅಥವಾ ಉತ್ತರ ಆಫ್ರಿಕಕ್ಕೆಂದು ತೆಗೆದ ಹಳದಿ ಮುದ್ರೆಯದಾಗಿದ್ದರೆ, ಕೇಳುವವರು ಜಾಸ್ತಿ. ಆ ಎರಡನ್ನೂ ಬೇರೆ ಬಣ್ಣದಲ್ಲಿ ಮಾಡಿದ್ದೇ ಶತ್ರುವಿನ ಕೈಗೆ ಸಿಕ್ಕರೆ ಅಷ್ಟನ್ನೇ ರದ್ದು ಮಾಡಬಹುದು ಅಂತ.

ದುಡ್ಡಿನ ಅವಶ್ಯಕತೆ ಇರುವ ಮನೆಗಳಿಗೆ ‘ಇಟ್ಟುಕೊಳ್ಳಿ’ ಅಂತ ಹೇಳುವುದು ಸುಲಭ. ಆದರೂ ಬಿಡಿಸಿ ಮಾರಿದರೆ ಹೆಚ್ಚು ಬರುತ್ತದೆ ಅಂತ ಮಾತ್ರ ಯಾರೂ ತಿಳಿಯಬೇಡಿ. ಇದನ್ನು ಕೊಳ್ಳುವವನು ಸರವನ್ನು ಕೊಳ್ಳುತ್ತಾನೆ, ಅದರಲ್ಲಿರುವ ಹೆಸರುಗಳನ್ನು ಕೊಳ್ಳುತ್ತಾನೆ. ಬಿಡಿ ನೋಟಿಗೆ ಅವನು ಬರುವುದಿಲ್ಲ.

ಬಸವನಗುಡಿ ಅಕ್ಕ

ಇಬ್ಬರಿಗೂ ಧನ್ಯವಾದ. ಡಾಲರಿನ ಮೇಲೆ 1935 ಎ ಎಂದೇ ಇದೆ. ಜೂಲಿಯನ್, ಮಾರ್ಗೆನ್‌ಥೌ ಎಂಬ ಅಚ್ಚಿನ ಸಹಿಗಳಿವೆ. ಚೀನೀ ನೋಟಿನ 1930 ನನಗೆ ತಿಳಿಯಲಿಲ್ಲ. ಯುದ್ಧಕ್ಕಿಂತ ಅಷ್ಟು ಹಿಂದಿನದು ಇದರಲ್ಲಿ ಹೇಗೆ ಸೇರಿತು?

ಹಳೆನೋಟು

ಒಳ್ಳೆಯ ಪ್ರಶ್ನೆ. ನಿಲುವಾಗಿದ್ದು ಮೇಲೆ ಸುನ್ ಯಾಟ್-ಸೆನ್ ಚಿತ್ರವಿದ್ದರೆ ಅದು ಚೀನದ ಸೆಂಟ್ರಲ್ ಬ್ಯಾಂಕಿನ ‘ಕಸ್ಟಮ್ಸ್ ಗೋಲ್ಡ್ ಯೂನಿಟ್’. ಮೊದಲು ಆಮದು ಸುಂಕ ಕಟ್ಟುವುದಕ್ಕೆಂದೇ ಮಾಡಿದ್ದು. 1942ರಲ್ಲಿ ಹಣದುಬ್ಬರ ಏರಿದಾಗ ಒಂದು ಯೂನಿಟ್‌ಗೆ 20 ಯುವಾನ್ ಎಂದು ನಿಗದಿ ಮಾಡಿ ಸಾಮಾನ್ಯ ಚಲಾವಣೆಗೆ ಬಿಟ್ಟರು. ನೋಟಿನ ಮೇಲೆ 1930 ಅಂತಲೇ ಉಳಿಯಿತು. ಹಾಗಾಗಿ ಅಚ್ಚಾದ ವರ್ಷ ನೋಡಿ ಕಾಲ ಹೇಳಬಾರದು.

ಬ್ರೆಜಿಲಿನದರ ಮೇಲೆ ಕ್ರುಜೈರೊ ಎಂದು ಮುದ್ರೆ ಒತ್ತಿದೆಯೇ ನೋಡಿ. ಆ ದೇಶ 1942ರ ಕೊನೆಗೆ ಮಿಲ್‌ರೇಸ್ ಬಿಟ್ಟು ಕ್ರುಜೈರೊಗೆ ಬಂತು, ಹಳೇ ನೋಟಿನ ಮೇಲೆಯೇ ಹೊಸ ಹೆಸರು ಒತ್ತಿದರು. ಮುದ್ರೆ ಇದ್ದರೆ ನಿಮ್ಮ ಪ್ರಯಾಣಿಕ ಹೊರಟದ್ದು ಅದಾದ ಮೇಲೆ. ನಮ್ಮ ಒಂದು ರೂಪಾಯಿ 1940ರದ್ದೇ ಇರಬೇಕು, ಸಿ. ಇ. ಜೋನ್ಸ್ ಸಹಿ. ಯುದ್ಧಕ್ಕೆ ಬೆಳ್ಳಿ ಸಾಲದೆ ನಾಣ್ಯದ ಬದಲು ಸರ್ಕಾರವೇ ಹೊರಡಿಸಿದ್ದು, ರಿಸರ್ವ್ ಬ್ಯಾಂಕಿನದಲ್ಲ.

ಕಾಗದ ಸಂರಕ್ಷಕಿ

ಟೇಪಿನ ವಿಷಯ ನಾನು ಹೇಳಬೇಕು. ಆ ಕಾಲದ ಸೆಲ್ಲೋಫೇನ್ ಟೇಪಿನ ಅಂಟು ರಬ್ಬರಿನಿಂದ ಮಾಡಿದ್ದು. ಗಾಳಿ ತಾಗಿ ತಾಗಿ ಮೊದಲು ಜಿಗುಟಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಕಂದಾಗಿ ಗಟ್ಟಿಯಾಗುತ್ತದೆ. ಈಗ ಎಳೆದರೆ ಅಂಟಿನ ಜೊತೆ ನೋಟಿನ ಮೇಲ್ಪದರವೂ, ಅದರ ಮೇಲಿನ ಶಾಯಿಯೂ ಎದ್ದು ಬರುತ್ತದೆ. ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್, ಉಗುರು ಬಣ್ಣ ತೆಗೆಯುವ ದ್ರವ, ಯಾವುದೂ ಬೇಡ. ಅಸಿಟೋನ್ ತಾಗಿದರೆ ಸಹಿಗಳೇ ಹರಡಿಕೊಳ್ಳಬಹುದು. ನೀರಂತೂ ದೂರವೇ ಇರಲಿ, ಫೌಂಟನ್ ಪೆನ್ನಿನ ನೀಲಿ ಶಾಯಿ ಒದ್ದೆ ಬೆರಳಿಗೂ ಕರಗುತ್ತದೆ.

ಸುರುಳಿಯನ್ನು ಒಂದೇ ಸಲ ಬಿಚ್ಚಿ ಮಟ್ಟಸ ಮಾಡಬೇಡಿ. ಎಷ್ಟು ತಾನಾಗಿ ತೆರೆದುಕೊಳ್ಳುತ್ತದೋ ಅಷ್ಟೇ. ಲ್ಯಾಮಿನೇಟ್ ಮಾಡಿಸಬೇಡಿ, ಅದು ಹಿಂದಕ್ಕೆ ಬರುವ ಕೆಲಸವಲ್ಲ. ಪೇಟೆಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಆಲ್ಬಮ್ ಕೆಲವೇ ವರ್ಷಗಳಲ್ಲಿ ಎಣ್ಣೆ ಬಿಟ್ಟುಕೊಂಡು ನೋಟನ್ನು ಹಾಳು ಮಾಡುತ್ತದೆ. ಪಾಲಿಯೆಸ್ಟರ್ ಹಾಳೆಯ ಹೊದಿಕೆ, ಆಮ್ಲರಹಿತ ಕಾಗದ, ಗಟ್ಟಿ ಪೆಟ್ಟಿಗೆ, ಅಟ್ಟದ ಮೇಲಲ್ಲದೆ ಮನೆಯೊಳಗಿನ ಕಪಾಟು. ನುಸಿಗುಳಿಗೆ ಹಾಕಬೇಡಿ. ಬೇವಿನ ಎಲೆಯನ್ನು ನೋಟಿಗೆ ತಾಗುವ ಹಾಗೆ ಇಡುವುದೂ ಬೇಡ, ಕಲೆ ಕೂರುತ್ತದೆ. ಟೇಪು ತೆಗೆಯಲೇಬೇಕೆಂದು ಮುಂದೆ ಅನ್ನಿಸಿದರೆ ಬೆಂಗಳೂರಿನಲ್ಲೇ ಇಂಟ್ಯಾಕ್ ಎಂಬ ಪರಂಪರೆ ರಕ್ಷಣೆಯ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಕೇಳಿ ನೋಡಬಹುದು.

ಮುಟ್ಟುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಸಿ, 600 ಡಿಪಿಐ, ಬಣ್ಣದಲ್ಲಿ. ಆಮೇಲೆ ಫೋಟೋ ತಿದ್ದುವ ತಂತ್ರಾಂಶದಲ್ಲಿ ಚಿತ್ರದ ಕೆಂಪು ಪದರವನ್ನು (ರೆಡ್ ಚಾನೆಲ್) ಮಾತ್ರ ತೆರೆದು ನೋಡಿ. ಅದರಲ್ಲಿ ಮಾಸಿದ ನೀಲಿ ಶಾಯಿ ಕಪ್ಪಾಗಿ ಕಾಣುತ್ತದೆ, ಟೇಪಿನ ಹಳದಿ ಕಲೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಕಣ್ಣಿಗೆ ಕಾಣದ ಎಷ್ಟೋ ಸಹಿಗಳನ್ನು ಹೀಗೆ ಓದಿದ್ದೇನೆ.

ವಿಮಾನಪುರದವ

ಅಕ್ಕ, ನಿಮ್ಮ ಪತ್ರ ಓದಿ ಮೈ ಜುಮ್ಮೆಂದಿತು. ನಮ್ಮ ತಂದೆಯೂ ಅದೇ ಕಾರ್ಖಾನೆ, ಅದೇ ಕಾಲ.

ಇಲ್ಲಿ ತುಂಬ ಜನಕ್ಕೆ ಗೊತ್ತಿರಲಿಕ್ಕಿಲ್ಲ ಅಂತ ಬರೆಯುತ್ತಿದ್ದೇನೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಶುರುಮಾಡಿದರು. ಮೊದಲು ಜೋಡಿಸಿದ್ದು ಹಾರ್ಲೋ ಎಂಬ ತರಬೇತಿ ವಿಮಾನ. ಜಪಾನ್ ಹತ್ತಿರ ಬಂದಂತೆ ಹೊಸದು ಕಟ್ಟುವುದಕ್ಕಿಂತ ಪೆಟ್ಟಾದದ್ದನ್ನು ರಿಪೇರಿ ಮಾಡುವ ಕೆಲಸವೇ ಜಾಸ್ತಿಯಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು, ಯುದ್ಧ ಮುಗಿಯುವವರೆಗೆ ಅವರದೇ ಆಡಳಿತ. ಹಂಪ್ ಮೇಲೆ ಹಾರುತ್ತಿದ್ದ ಡಕೋಟಾಗಳು, ಬಾಂಬರ್‌ಗಳು ಇಲ್ಲಿಗೆ ಬಂದು ಎಂಜಿನ್ ಬಿಚ್ಚಿಸಿಕೊಂಡು ಹೋಗುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇವತ್ತು ನೊರೆ ಹಾರುವ ಅದೇ ಕೆರೆ.

ರಿಪೇರಿಯಾದ ವಿಮಾನವನ್ನು ಪರೀಕ್ಷೆಗೆ ಹಾರಿಸುವಾಗ ಕೆಲಸ ಮಾಡಿದ ಫಿಟ್ಟರನ್ನೂ ಕೂರಿಸಿಕೊಂಡು ಹೋಗುತ್ತಿದ್ದರು ಅಂತ ನಮ್ಮ ತಂದೆ ಹೇಳುತ್ತಿದ್ದರು. ನಿನ್ನ ಕೈಕೆಲಸದ ಮೇಲೆ ನಿನಗೆ ನಂಬಿಕೆ ಇದ್ದರೆ ಹತ್ತು ಅಂತ. ನಿಮ್ಮ ದೊಡ್ಡಪ್ಪನೂ ಹಾಗೆ ಹಾರಿರಬಹುದು. ಅದಕ್ಕೇ ಕೇಳುತ್ತೇನೆ: ಸಹಿಗಳಲ್ಲಿ ಕನ್ನಡದ್ದು ಯಾವುದಾದರೂ ಇದೆಯೇ?

ಇನ್ನೊಂದು ವಿಷಯ. ಈ ಸರದ ಒಡೆಯ ಬೇರೆಯವರಿಂದ ಸಹಿ ಹಾಕಿಸಿಕೊಳ್ಳುತ್ತಾನೆ. ತನ್ನ ಹೆಸರನ್ನು ಬರೆದರೆ ಮೊದಲ ನೋಟಿನ ತಲೆಯಲ್ಲಿ, ಒಡೆಯನಾಗಿ ಬರೆದಿರುತ್ತಾನೆ. ದೊಡ್ಡಪ್ಪನ ಹೆಸರು ಎಲ್ಲಿದೆ ಅನ್ನುವುದರ ಮೇಲೆ ಈ ಸರ ಯಾರದ್ದು ಅನ್ನುವುದು ನಿಂತಿದೆ.

ಧಾರವಾಡದ ವಕೀಲ

ಅಕ್ಕಾರ, ಕಾನೂನಿನ ಮಾತು ಸ್ವಲ್ಪ ಹೇಳ್ತೀನ್ರಿ. ದೊಡ್ಡಪ್ಪ ಉಯಿಲು ಬರದಿಲ್ಲ, ಹೆಂಡತಿ ಮಕ್ಕಳಿಲ್ಲ, ತಂದೆತಾಯಿ ಇಲ್ಲ, ಅವರು ತೀರಿಕೊಂಡಾಗ ಒಡಹುಟ್ಟಿದವರೂ ಯಾರೂ ಇರಲಿಲ್ಲ ಅಂತ ತಿಳಕೊಂಡು ಹೇಳಾಕತ್ತೀನಿ. ಹಿಂದೂ ಉತ್ತರಾಧಿಕಾರ ಕಾಯಿದೆ, 1956ರ ಪ್ರಕಾರ ಅಣ್ಣತಮ್ಮ, ಅಕ್ಕತಂಗೇರ ಮಕ್ಕಳು ಎರಡನೇ ವರ್ಗದ ವಾರಸುದಾರರು, ನಾಲ್ಕನೇ ನಮೂದಿನ್ಯಾಗ ಬರತಾರ. ಗಂಡು ಹೆಣ್ಣು ಭೇದ ಇಲ್ಲ, ತಲಿಗೊಂದು ಸಮಪಾಲು. ಅತ್ತೆ ಯಾರರ ಇದ್ದು ಅವರ ಮಕ್ಕಳಿದ್ರ ಅವರನ್ನೂ ಮರೀಬ್ಯಾಡ್ರಿ. ದೊಡ್ಡಪ್ಪ ತೀರಿದಾಗ ಒಬ್ಬ ತಮ್ಮನೋ ತಂಗಿನೋ ಬದುಕಿದ್ರ ಲೆಕ್ಕಾನೇ ಬ್ಯಾರೆ ಆಗ್ತದ, ಅದನ್ನ ಮೊದಲು ನೋಡ್ರಿ.

ಆದ್ರ ಸಮಪಾಲು ಅಂದ್ರ ಕತ್ತರಿ ಹಿಡೀರಿ ಅಂತಲ್ಲ. ಐದೂ ಮಂದಿ ಕೂಡಿ ಒಂದು ಹಾಳಿಮ್ಯಾಲ ಬರಕೊಳ್ರಿ: ಸರ ಎಲ್ಲಾರದ್ದು, ಇಂಥವರ ಹತ್ರ ಇರತದ, ಎಲ್ಲಾರೂ ಒಪ್ಪದ ಮಾರಂಗಿಲ್ಲ, ಬಿಡಸಂಗಿಲ್ಲ. ಸಹಿ ಹಾಕ್ರಿ, ಇಬ್ಬರು ಸಾಕ್ಷಿ ಇರಲಿ.

ವಿದೇಶಕ್ಕ ಕಳಸೂದಿದ್ರ ಅವಸರ ಮಾಡಬ್ಯಾಡ್ರಿ. 1972ರ ಪುರಾವಸ್ತು ಕಾಯಿದೆಯೊಳಗ ನಾಣ್ಯಕ್ಕ, ಕಲಾವಸ್ತುವಿಗೆ 100 ವರ್ಷ ಅಂತಿದ್ರೂ, ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗೆ 75 ವರ್ಷ ಸಾಕು. ನಿಮ್ಮ ಸರ ಬರೇ ನೋಟಲ್ಲ, ಕೈಬರಹದ ದಾಖಲೆ ಅಂತ ಯಾರರ ವಾದಾ ಮಾಡಿದ್ರ ಅದಕ್ಕ ಬಲ ಅದ. ಅಂಚಿಗೆ ಹಾಕೂ ಮೊದಲು ಪುರಾತತ್ವ ಇಲಾಖೆಯವರನ್ನ ಕೇಳ್ರಿ.

ಬಸವನಗುಡಿ ಅಕ್ಕ

ಸ್ಕ್ಯಾನ್ ಮಾಡಿಸಿದೆವು. ಕಾಗದ ಸಂರಕ್ಷಕಿಯವರು ಹೇಳಿದ ಹಾಗೆ ಕೆಂಪು ಪದರ ತೆರೆದು ನೋಡಿದರೆ ನನಗೆ ಮಾತೇ ಹೊರಡಲಿಲ್ಲ. ಒಂದು ರೂಪಾಯಿ ನೋಟಿನ ಹಿಂಬದಿಯಲ್ಲಿ, ಟೇಪಿನ ಕಲೆಯ ಕೆಳಗೆ, ಕನ್ನಡದಲ್ಲಿ ದೊಡ್ಡಪ್ಪನ ಹೆಸರು. ಅವರ ಅಕ್ಷರ ನನಗೆ ಚೆನ್ನಾಗಿ ಗೊತ್ತು, ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟವರು ಅವರೇ. ಪಕ್ಕದಲ್ಲಿ ಇನ್ನೆರಡು ಕನ್ನಡ ಹೆಸರು, ಒಂದು ತಮಿಳು.

ಡಾಲರಿನ ತಲೆಯಲ್ಲಿ ಬೇರೊಬ್ಬರ ಹೆಸರಿದೆ, ಸಾರ್ಜೆಂಟ್ ಎಂದಿದೆ, 3ರಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆಯಿದೆ. ಹೆಸರನ್ನು ಇಲ್ಲಿ ಹಾಕುವುದಿಲ್ಲ, ಅವರ ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಬ್ರೆಜಿಲ್ ನೋಟಿನ ಮೇಲೆ ಕ್ರುಜೈರೊ ಮುದ್ರೆ ಇದೆ.

ಅಂದರೆ ವಿಮಾನಪುರದವರು ಹೇಳಿದ ಪ್ರಕಾರ ಈ ಸರ ನಮ್ಮ ದೊಡ್ಡಪ್ಪನದ್ದಲ್ಲ. ಅವರು ಅದರಲ್ಲಿ ಸಹಿ ಹಾಕಿದವರು. ಹಾಗಿದ್ದರೆ ಅವರ ಟ್ರಂಕಿಗೆ ಹೇಗೆ ಬಂತು?

ನಾಣ್ಯಪೇಟೆ

ಉಡುಗೊರೆಯಾಗಿ ಕೊಟ್ಟಿರಬಹುದು. ಮರೆತು ಬಿಟ್ಟು ಹೋಗಿರಬಹುದು. ಪಣಕ್ಕಿಟ್ಟು ಸೋತಿರಲೂಬಹುದು.

ಹಳೆನೋಟು

ಅಥವಾ ಕೊಟ್ಟವನು ತಿರುಗಿ ಬರದೆ ಇದ್ದಿರಬಹುದು. ಹಂಪ್ ಹಾದಿಯಲ್ಲಿ ಬಿದ್ದ ವಿಮಾನಗಳು ನೂರಾರು. ಆದರೆ ಊಹೆ ಮಾಡುತ್ತ ಕೂರುವುದು ಬೇಡ, ಹುಡುಕುವ ದಾರಿಗಳಿವೆ. ಆ ಸಂಖ್ಯೆ ಅಮೆರಿಕದ ಸೈನ್ಯದ ಸರಣಿ ಸಂಖ್ಯೆ. 3ರಿಂದ ಶುರುವಾದರೆ ಕಡ್ಡಾಯ ಸೇವೆಗೆ ಕರೆಸಿಕೊಂಡವನು, 1 ಇದ್ದರೆ ತಾನಾಗಿ ಸೇರಿದವನು. ಎರಡನೆಯ ಅಂಕಿ ಅವನನ್ನು ಸೇರಿಸಿಕೊಂಡ ಪ್ರದೇಶವನ್ನು ಹೇಳುತ್ತದೆ.

ಸೇಂಟ್ ಲೂಯಿಸ್ ಕನ್ನಡಿಗ

ನಾನಿರುವ ಊರಿನಲ್ಲೇ ಅಮೆರಿಕದ ಸೈನಿಕರ ದಾಖಲೆ ಕಚೇರಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. 1973ರ ಜುಲೈ 12ರಂದು ಅಲ್ಲಿ ದೊಡ್ಡ ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತ ಸುಟ್ಟುಹೋದವು. 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೈನ್ಯದವರ ಕಡತಗಳಲ್ಲಿ ಸುಮಾರು 80 ಪ್ರತಿಶತ ಹೋಯಿತು. ಆಗ ವಾಯುಪಡೆ ಭೂಸೈನ್ಯದ ಭಾಗವೇ ಆಗಿತ್ತು, ಹಾಗಾಗಿ ಬೆಂಗಳೂರಿಗೆ ಬಂದಿದ್ದ ಹುಡುಗರ ಕಾಗದಗಳೂ ಅದರಲ್ಲೇ. ಅಕ್ಕ, ನಿಮ್ಮ ಸರದ ಮೇಲಿರುವ ಕೆಲವರು ಇಂಥ ಊರಿನಲ್ಲಿದ್ದರು ಅನ್ನುವುದಕ್ಕೆ ಉಳಿದಿರುವ ಕಾಗದ ನಿಮ್ಮ ಡಬ್ಬಿಯಲ್ಲಿರುವುದೇ ಇರಬಹುದು. ದಯವಿಟ್ಟು ಬಿಡಿಸಬೇಡಿ.

ಎಲ್ಲ ಹೋಗಿಲ್ಲ. ಸೈನ್ಯಕ್ಕೆ ಸೇರಿದ ಸುಮಾರು 90 ಲಕ್ಷ ಜನರ ಪಟ್ಟಿ ರಾಷ್ಟ್ರೀಯ ದಾಖಲೆಗಾರದ ಜಾಲತಾಣದಲ್ಲಿ ಉಚಿತವಾಗಿದೆ, ಸರಣಿ ಸಂಖ್ಯೆ ಹಾಕಿ ಹುಡುಕಬಹುದು. ಸೇರಿದ ವರ್ಷ, ರಾಜ್ಯ, ಜಿಲ್ಲೆ ಸಿಗುತ್ತದೆ. ಬಿಡುಗಡೆಯಾದಾಗಿನ ಸಂಬಳದ ಚೀಟಿಗಳೂ ಉಳಿದಿವೆ. ವಿಮಾನ ಕಾಣೆಯಾಗಿದ್ದರೆ ಅದಕ್ಕೆ ಬೇರೆಯೇ ವರದಿ ಬರೆಯುತ್ತಿದ್ದರು, ಅದರಲ್ಲಿ ಸಿಬ್ಬಂದಿಯ ಹೆಸರು, ಮನೆಯವರ ವಿಳಾಸ ಇರುತ್ತದೆ. ಸಂಖ್ಯೆಯನ್ನು ನನಗೆ ಖಾಸಗಿಯಾಗಿ ಕಳಿಸಿ, ನಾನು ಹುಡುಕುತ್ತೇನೆ. ಇದನ್ನು ಮಾಡಲು ನನಗೆ ನಿಜವಾಗಿ ಆಸೆಯಿದೆ.

ಬಸವನಗುಡಿ ಅಕ್ಕ

ಕಳಿಸಿದ್ದೇನೆ. ನಿನ್ನೆ ಐದೂ ಜನ ಕೂತು ಮಾತಾಡಿದೆವು. ಬಿಡಿಸೋಣ ಅಂದಿದ್ದ ತಮ್ಮ ದೊಡ್ಡಪ್ಪನ ಸಹಿ ನೋಡಿ ತುಂಬ ಹೊತ್ತು ಸುಮ್ಮನಿದ್ದ. ‘ಆ ಸಾರ್ಜೆಂಟನ ಮನೆಯವರು ಸಿಕ್ಕರೆ ಕೊಟ್ಟುಬಿಡಬೇಕೇ?’ ಅಂತ ಅವನೇ ಕೇಳಿದ. ಇನ್ನೊಬ್ಬಳು ಒಪ್ಪಲಿಲ್ಲ. ಎಪ್ಪತ್ತೆಂಬತ್ತು ವರ್ಷ ದೊಡ್ಡಪ್ಪ ಜೋಪಾನ ಮಾಡಿದ್ದು, ಸ್ಕ್ಯಾನ್ ಕೊಡೋಣ, ಮೂಲ ಇಲ್ಲೇ ಇರಲಿ, ಎಚ್‌ಎಎಲ್ ಪಾರಂಪರಿಕ ಸಂಗ್ರಹಾಲಯಕ್ಕೋ ಬ್ರಂಟನ್ ರಸ್ತೆಯ ಕಾಗದದ ಹಣದ ಸಂಗ್ರಹಾಲಯಕ್ಕೋ ಕೊಟ್ಟರೂ ಆದೀತು ಅಂದಳು. ನಾನು ಕೊಡಬೇಕು ಅನ್ನುವ ಕಡೆ. ಉತ್ತರ ಬರುವವರೆಗೆ ಯಾರೂ ಏನೂ ಮಾಡುವುದಿಲ್ಲ ಅಂತ ವಕೀಲರು ಹೇಳಿದ ಹಾಗೆ ಬರೆದುಕೊಂಡಿದ್ದೇವೆ. ಒಬ್ಬ ಚಿಕ್ಕಪ್ಪ ದೊಡ್ಡಪ್ಪನಿಗಿಂತ ಎರಡು ತಿಂಗಳ ಮೊದಲು ತೀರಿಕೊಂಡಿದ್ದರು, ಆ ತಾರೀಕುಗಳನ್ನೂ ನೋಡಿಕೊಂಡೆವು.

ಚೀನೀ ನೋಟಿನ ಮೇಲೆ ಕುಂಚದಿಂದ ಬರೆದ ಒಂದು ಸಾಲಿದೆ. ಯಾರಿಗಾದರೂ ಓದಲು ಬರುತ್ತದೆಯೇ? ಆ ಭಾಗದ ಚಿತ್ರ ಮಾತ್ರ ಹಾಕಿದ್ದೇನೆ.

ವಿಮಾನಪುರದವ

ನೀವು ಹೇಳಿದ ಇನ್ನೆರಡು ಕನ್ನಡ ಹೆಸರುಗಳನ್ನು ನನಗೂ ಖಾಸಗಿಯಾಗಿ ಕಳಿಸುತ್ತೀರಾ? ತಂದೆಯ ಸಹಿ ಇರುವ ಪಗಾರ ಪುಸ್ತಕ ನನ್ನ ಹತ್ತಿರವಿದೆ, ಹೋಲಿಸಿ ನೋಡುತ್ತೇನೆ.

ಶಾಂಘೈ ಸೊಸೆ

ಚಿತ್ರ ನನ್ನ ಅತ್ತೆಗೆ ತೋರಿಸಿದೆ. ಮೇಲಿನ ಎರಡು ಅಕ್ಷರ ಕುನ್ಮಿಂಗ್. ಕೆಳಗೆ ಮಿಂಗುವೊ 33, ಮೂರನೇ ತಿಂಗಳು. ಅದು ಚೀನ ಗಣರಾಜ್ಯದ ವರ್ಷದೆಣಿಕೆ, 1911 ಕೂಡಿಸಿದರೆ 1944. ಹಾಗಾಗಿ 1944ರ ಮಾರ್ಚ್. ಕೊನೆಯದು ಒಬ್ಬರ ಹೆಸರು, ಮನೆತನದ ಹೆಸರು ಸ್ಪಷ್ಟವಿದೆ, ಉಳಿದದ್ದರ ಮೇಲೆ ಟೇಪಿದೆ. ಕೆಂಪು ಪದರದ ಚಿತ್ರ ಕಳಿಸಿದರೆ ಅದನ್ನೂ ಓದುತ್ತಾರಂತೆ.

ಕಾಗದ ಸಂರಕ್ಷಕಿ

ಕುಂಚದ ಶಾಯಿ ಮಸಿಯಿಂದ ಮಾಡಿದ್ದು, ಕಪ್ಪು. ಕೆಂಪು ಪದರದಲ್ಲಿ ಟೇಪಿನ ಕಲೆ ಮಾತ್ರ ತಿಳಿಯಾಗುತ್ತದೆ, ಅಕ್ಷರ ಹಾಗೇ ಉಳಿಯುತ್ತದೆ, ಧೈರ್ಯವಾಗಿ ಕಳಿಸಿ. ಸ್ಕ್ಯಾನಿನ ಮೂಲ ಕಡತವನ್ನು ಟಿಫ್ ರೂಪದಲ್ಲಿ ಐದೂ ಮನೆಗಳಲ್ಲಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಸೇಂಟ್ ಲೂಯಿಸ್ ಕನ್ನಡಿಗ

ಅಕ್ಕ, ಸರಣಿ ಸಂಖ್ಯೆ ಪಟ್ಟಿಯಲ್ಲಿ ಸಿಕ್ಕಿತು. ಸೇರಿದ್ದು 1942ರಲ್ಲಿ, ಓಹಾಯೋ ರಾಜ್ಯ, ಜಿಲ್ಲೆಯ ಹೆಸರೂ ಇದೆ. ಕಾಣೆಯಾದವರ ವರದಿಗಳಲ್ಲಿ ಆ ಹೆಸರು ಇಲ್ಲ. ಸಂಬಳದ ಚೀಟಿಗೆ ಅರ್ಜಿ ಹಾಕಿದ್ದೇನೆ, ಬದುಕಿ ಮನೆ ಸೇರಿದ್ದರೆ ಅದರಲ್ಲಿ ತಿಳಿಯುತ್ತದೆ. ಜಿಲ್ಲೆಯ ಗ್ರಂಥಾಲಯಕ್ಕೆ ಹಳೇ ಪತ್ರಿಕೆಗಳಲ್ಲಿ ಹುಡುಕಿಕೊಡಿ ಅಂತ ಇವತ್ತೇ ಪತ್ರ ಬರೆಯುತ್ತೇನೆ. ಪತ್ರದಲ್ಲಿ ನಿಮ್ಮ ದೊಡ್ಡಪ್ಪನ ಹೆಸರು ಹಾಕಬಹುದೇ?

ಬಸವನಗುಡಿ ಅಕ್ಕ

ಹಾಕಿ. ಇನಿಷಿಯಲ್ ಸಮೇತ ಪೂರ್ತಿ ಹೆಸರು ಹಾಕಿ.